ನೀರಿನಲ್ಲಿ ಜೆಲ್ಲಿ ಕರಡಿ: ಉಬ್ಬಿದ್ದೂ ಸರಿ, ಕರಗಿದ್ದೂ ಸರಿ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಕಳೆದ ಡಿಸೆಂಬರಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಅಭಿಸರಣವನ್ನು, ಅಂದರೆ ಪೊರೆಯೊಂದರ ಮೂಲಕ ನೀರು ತಾನಾಗಿ ಹರಿಯುವುದನ್ನು, ತೋರಿಸಲೆಂದು ಕರಡಿಯ ಆಕಾರದ ಜೆಲ್ಲಿ ಮಿಠಾಯಿಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದ್ದೆ. ಅವು ಚೆನ್ನಾಗಿ ಉಬ್ಬಿದವು. ಏಪ್ರಿಲಿನ ಬೇಸಿಗೆ ಶಿಬಿರದಲ್ಲಿ ಅದನ್ನೇ ಮಾಡಿದರೆ ಬೆಳಗಾಗುವಷ್ಟರಲ್ಲಿ ಲೋಟದಲ್ಲಿ ಬಣ್ಣದ ನೀರು ಮಾತ್ರ ಉಳಿದಿತ್ತು. ಹಸಿರು ಚುಕ್ಕೆಯಿದ್ದ ಬೇರೆ ಜೆಲ್ಲಿಯನ್ನು ತಂದು ತಣ್ಣನೆಯ ನೀರಿನಲ್ಲಿಟ್ಟರೂ ಅದು ಉಬ್ಬದೆ ಕದಡಿಹೋಯಿತು. ಉಪ್ಪುನೀರಿನಲ್ಲಿ ಜೆಲ್ಲಿ ಕುಗ್ಗುತ್ತದೆ ಎಂದು ಹೇಳಿಕೊಟ್ಟಿದ್ದೆ. ಅಲ್ಲಿಯೂ ಅದು ಸ್ವಲ್ಪ ಉಬ್ಬಿಯೇ ಬಿಟ್ಟಿತು. ಇದು ಅಭಿಸರಣವೇ, ಅಲ್ಲವೇ? ಮಕ್ಕಳಿಗೆ ಏನೆಂದು ವಿವರಿಸಲಿ?

ಉತ್ತರ: ನಿಮ್ಮ ಮಕ್ಕಳು ಕಂಡದ್ದೆಲ್ಲವೂ ಸರಿಯಾಗಿಯೇ ಇದೆ, ತಿದ್ದಬೇಕಾಗಿರುವುದು ಈ ಪ್ರಯೋಗದ ಜೊತೆಗೆ ಎಲ್ಲೆಡೆ ಹೇಳಿಕೊಂಡು ಬರುವ ವಿವರಣೆಯನ್ನು. ಜೆಲ್ಲಿಯನ್ನು ಜೀವಕೋಶದ ಮಾದರಿಯೆಂದು ಪರಿಚಯಿಸಿ, ‘ಹೊರಗೆ ನೀರು ಹೆಚ್ಚು, ಒಳಗೆ ಕಡಿಮೆ, ಹಾಗಾಗಿ ಪೊರೆಯ ಮೂಲಕ ನೀರು ಒಳಗೆ ಹೋಯಿತು’ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಜೆಲ್ಲಿಗೆ ಪೊರೆಯೇ ಇಲ್ಲ. ಅದು ತುದಿಯಿಂದ ತುದಿಯವರೆಗೆ ಒಂದೇ ಬಗೆಯ ಜಾಲ. ಆ ಜಾಲದ ಕಣ್ಣುಗಳಲ್ಲಿ ದಪ್ಪನೆಯ ಸಕ್ಕರೆ ಪಾಕ ಸಿಕ್ಕಿಕೊಂಡಿದೆ. ಏಪ್ರಿಲಿನಲ್ಲಿ ಕರಗಿದ್ದಕ್ಕೂ, ಹಸಿರು ಚುಕ್ಕೆಯದು ಕದಡಿದ್ದಕ್ಕೂ, ಉಪ್ಪುನೀರಿನಲ್ಲಿ ಉಬ್ಬಿದ್ದಕ್ಕೂ ಕಾರಣವನ್ನು ಈ ಜಾಲದಲ್ಲಿ ಮತ್ತು ಆ ಪಾಕದಲ್ಲಿ ಹುಡುಕಬೇಕು.

ಮೊದಲು ಮಿಠಾಯಿಯ ಒಳಗೇನಿದೆ ಎಂದು ನೋಡೋಣ. ಕರಡಿ ಜೆಲ್ಲಿಯ ತೂಕದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸಕ್ಕರೆ ಮತ್ತು ಗ್ಲೂಕೋಸ್ ಪಾಕ, ನೀರು ಐದನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಕಡಿಮೆ, ಜೆಲಾಟಿನ್ ಶೇ. 6ರಿಂದ 9ರಷ್ಟು, ಉಳಿದದ್ದು ಸಿಟ್ರಿಕ್ ಆಮ್ಲ, ಬಣ್ಣ, ಪರಿಮಳ. ಜರ್ಮನಿಯ ಬಾನ್ ನಗರದಲ್ಲಿ 1920ರಲ್ಲಿ ಹಾರಿಬೋ ಕಂಪನಿಯನ್ನು ಆರಂಭಿಸಿದ ಹಾನ್ಸ್ ರೀಗಲ್ ಎಂಬ ಮಿಠಾಯಿಗಾರ 1922ರಲ್ಲಿ ಮೊದಲ ‘ಕುಣಿಯುವ ಕರಡಿ’ಯನ್ನು ಮಾರುಕಟ್ಟೆಗೆ ತಂದ. ಬಿಸಿ ಪಾಕವನ್ನು ಮೆಕ್ಕೆಜೋಳದ ಪಿಷ್ಟದಲ್ಲಿ ಒತ್ತಿದ ಅಚ್ಚುಗಳಿಗೆ ಸುರಿದು, ಒಣಗಲು ಬಿಟ್ಟು, ಕೊನೆಗೆ ಒಂದಕ್ಕೊಂದು ಅಂಟದಂತೆ ಎಣ್ಣೆ ಅಥವಾ ಮೇಣದ ತೆಳು ಲೇಪ ಕೊಡುವ ವಿಧಾನ ಇಂದಿಗೂ ಬಳಕೆಯಲ್ಲಿದೆ. ನೀರಿಗೆ ಹಾಕಿದ ಮೊದಲ ಅರ್ಧ ಗಂಟೆಯಲ್ಲಿ ಏನೂ ಆಗದಂತೆ ಕಂಡರೆ ಆ ಲೇಪವೂ ಒಂದು ಕಾರಣವಾಗಿರಬಹುದು.

ಜೆಲಾಟಿನ್ ಸಿಗುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನಿಂದ. ಕೊಲಾಜೆನ್‌ನಲ್ಲಿ ಮೂರು ಎಳೆಗಳು ಹುರಿಗೊಂಡಿರುತ್ತವೆ. ಬೇಯಿಸಿದಾಗ ಹುರಿ ಬಿಚ್ಚಿ ಎಳೆಗಳು ಬಿಡಿಬಿಡಿಯಾಗುತ್ತವೆ. ತಣಿಯುವಾಗ ಅವು ಮೊದಲಿನಂತೆ ಪೂರ್ತಿ ಸೇರಿಕೊಳ್ಳಲಾರದೆ ಅಲ್ಲಲ್ಲಿ ಮಾತ್ರ ಮತ್ತೆ ಹುರಿಗೊಂಡು ಗಂಟು ಬೀಳುತ್ತವೆ. ಗಂಟುಗಳ ನಡುವಿನ ಎಳೆಗಳು ಸಡಿಲವಾಗಿಯೇ ಉಳಿಯುತ್ತವೆ. ಈ ಗಂಟುಗಳು ಬಲವಾದ ರಾಸಾಯನಿಕ ಬಂಧಗಳಿಂದ ಆದವಲ್ಲ, ಸ್ವಲ್ಪ ಬಿಸಿ ತಗುಲಿದರೂ ಬಿಚ್ಚಿಕೊಳ್ಳುತ್ತವೆ ಎಂಬುದನ್ನು ನೆನಪಿಡಿ. ನಿಮ್ಮ ಏಪ್ರಿಲಿನ ಲೋಟಕ್ಕೆ ಬರುವಾಗ ಇದು ಬೇಕಾಗುತ್ತದೆ.

ಇಂತಹ ಜೆಲ್ಲಿ ನೀರಿಗೆ ಬಿದ್ದಾಗ ಎರಡು ಕೆಲಸಗಳು ಏಕಕಾಲಕ್ಕೆ ಆರಂಭವಾಗುತ್ತವೆ. ನೀರಿನ ಅಣುಗಳು ಒಳಗೆ ನುಗ್ಗುತ್ತವೆ. ಸಕ್ಕರೆಯ ಅಣುಗಳು ಹೊರಗೆ ಹೊರಡುತ್ತವೆ. ನೀರಿನ ಅಣು ಚಿಕ್ಕದು, ಚುರುಕಾದದ್ದು. ಸಕ್ಕರೆಯ ಅಣು ದೊಡ್ಡದು, ನಿಧಾನದ್ದು. ಹಾಗಾಗಿ ಮೊದಲ ಕೆಲವು ಗಂಟೆಗಳಲ್ಲಿ ಬರುವ ನೀರೇ ಹೆಚ್ಚು, ಹೋಗುವ ಸಕ್ಕರೆ ಕಡಿಮೆ. ಸಕ್ಕರೆ ಬಹುಪಾಲು ಖಾಲಿಯಾದ ಮೇಲೂ ಜೆಲ್ಲಿ ಕುಗ್ಗಿ ಹಿಂದಿನ ಅಳತೆಗೆ ಬರುವುದಿಲ್ಲ, ಏಕೆಂದರೆ ಜೆಲಾಟಿನ್ ಎಳೆಗಳಿಗೆ ಸಹ ನೀರಿನೊಡನೆ ಬೆರೆಯುವ ಒಲವು ಇದೆ. ಆದರೆ ಒಂದಕ್ಕೊಂದು ಗಂಟು ಬಿದ್ದಿರುವುದರಿಂದ ಅವು ನೀರಿಗೆ ಚದುರಿಹೋಗಲಾರವು. ಎಳೆಗಳು ಹೊರಗೆ ಹೋಗಲಾರದ ಕಾರಣ ನೀರೇ ಎಳೆಗಳ ಬಳಿಗೆ ಬರುತ್ತದೆ. ಜಾಲ ಹಿಗ್ಗುತ್ತ ಹೋದಂತೆ ಎಳೆಗಳು ಬಿಗಿಯಾಗಿ ಹಿಂದಕ್ಕೆ ಎಳೆಯತೊಡಗುತ್ತವೆ. ನೀರಿನ ಸೆಳೆತವೂ ಎಳೆಗಳ ಬಿಗುವೂ ಸರಿಸಮವಾದ ಕಡೆ ಉಬ್ಬುವಿಕೆ ನಿಲ್ಲುತ್ತದೆ. ಈ ಸಮತೋಲವನ್ನು ಪಾಲ್ ಫ್ಲೋರಿ ಮತ್ತು ಜಾನ್ ರೇನರ್ 1943ರಲ್ಲಿ ಸಮೀಕರಣದ ರೂಪದಲ್ಲಿ ಬರೆದರು. ದೊಡ್ಡ ಅಣುಗಳ ಕುರಿತ ಒಟ್ಟು ಕೆಲಸಕ್ಕಾಗಿ ಫ್ಲೋರಿಗೆ 1974ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾಗಾದರೆ ಇದು ಅಭಿಸರಣವೇ? ಪಠ್ಯಪುಸ್ತಕದ ಅರ್ಥದಲ್ಲಿ ಅಲ್ಲ. ಅಭಿಸರಣಕ್ಕೆ ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುವ ಅರೆಪ್ರವೇಶ್ಯ ಪೊರೆ ಬೇಕು. ಜೆಲ್ಲಿಯ ಜಾಲದ ಕಣ್ಣುಗಳೋ ಸಕ್ಕರೆಯ ಅಣುವನ್ನು ಸಲೀಸಾಗಿ ಬಿಟ್ಟುಕೊಡುವಷ್ಟು ದೊಡ್ಡವು. ಉಪ್ಪಿನಂತಹ ಚಿಕ್ಕ ಅಣುಗಳ ವಸ್ತುಗಳು ಗಟ್ಟಿ ಜೆಲ್‌ನೊಳಗೂ ನೀರಿನಲ್ಲಿ ಹರಡುವಷ್ಟೇ ವೇಗದಲ್ಲಿ ಹರಡುತ್ತವೆ ಎಂಬುದನ್ನು ಥಾಮಸ್ ಗ್ರಹಾಂ 1861ರಷ್ಟು ಹಿಂದೆಯೇ ಗಮನಿಸಿದ್ದ. ಆದ್ದರಿಂದ ಜೆಲ್ಲಿಯಲ್ಲಿ ನಡೆಯುವುದು ವಿಸರಣ (ಅಣುಗಳು ತಾವಾಗಿಯೇ ಹರಡಿಕೊಳ್ಳುವುದು) ಮತ್ತು ಜೆಲ್‌ನ ಉಬ್ಬುವಿಕೆ. ಅಭಿಸರಣಕ್ಕೂ ಇದಕ್ಕೂ ಸಂಬಂಧವಿಲ್ಲವೆಂದಲ್ಲ: ನೀರು ತಾನು ವಿರಳವಾಗಿರುವ ಕಡೆಗೆ ಹರಿಯುತ್ತದೆ ಎಂಬ ಮೂಲಕಾರಣ ಎರಡಕ್ಕೂ ಒಂದೇ. ಆದರೆ ಅಲ್ಲಿ ತಡೆಯುವ ಕೆಲಸ ಪೊರೆಯದು. ಇಲ್ಲಿ ತಡೆಗೊಂಡಿರುವುದು ಜಾಲವೇ.

ಇದನ್ನು ಬಾಯಿಮಾತಿನಲ್ಲಿ ಹೇಳುವುದಕ್ಕಿಂತ ಮಕ್ಕಳ ಕೈಯಲ್ಲೇ ಮಾಡಿಸುವುದು ಒಳ್ಳೆಯದು. ಒಂದೇ ಬಣ್ಣದ ಎರಡು ಕರಡಿಗಳನ್ನು ತೆಗೆದುಕೊಂಡು ಒಂದನ್ನು ಇಡಿಯಾಗಿಯೂ, ಇನ್ನೊಂದನ್ನು ಎಣ್ಣೆ ಸವರಿದ ಚಾಕುವಿನಿಂದ ಹೊಟ್ಟೆಯ ಬಳಿ ಎರಡು ತುಂಡು ಮಾಡಿಯೂ ಬೇರೆ ಬೇರೆ ಲೋಟಗಳಲ್ಲಿ ನೆನೆಹಾಕಿಸಿ. ಪೊರೆಯಿಂದಾಗಿ ಉಬ್ಬುವ ವಸ್ತುವಾಗಿದ್ದರೆ ಕತ್ತರಿಸಿದೊಡನೆ ಆಟ ಮುಗಿಯಬೇಕಿತ್ತು. ಜೆಲ್ಲಿಯಲ್ಲಿ ಹಾಗಾಗುವುದಿಲ್ಲ: ತುಂಡುಗಳೂ ಇಡಿಯದರಷ್ಟೇ ಪಟ್ಟು ಉಬ್ಬುತ್ತವೆ, ಅಷ್ಟೇ ಅಲ್ಲ, ಮೈ ಹೆಚ್ಚು ತೆರೆದುಕೊಂಡಿರುವುದರಿಂದ ಇನ್ನೂ ಬೇಗ ಉಬ್ಬುತ್ತವೆ. ಕತ್ತರಿಸಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಅಂಚುಗಳು ಮೊದಲು ಉಬ್ಬಿ ನಡುಭಾಗ ಸ್ವಲ್ಪ ತಗ್ಗಾಗಿ ಉಳಿದಿರುವುದು ಕಾಣುತ್ತದೆ. ಹೊರಗಿನ ಪದರ ತಿಳಿಯಾಗಿ, ಒಳಗಿನ ತಿರುಳು ಇನ್ನೂ ಗಾಢ ಬಣ್ಣದಲ್ಲಿರುತ್ತದೆ. ನೀರು ಎಲ್ಲಿಯವರೆಗೆ ತಲುಪಿದೆ ಎಂಬುದನ್ನು ಬಣ್ಣವೇ ಗೆರೆ ಎಳೆದು ತೋರಿಸುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಖಚಿತವಾದದ್ದು. ಉಬ್ಬಿದ ಕರಡಿಯ ನೀರನ್ನು ಒಂದೆರಡು ಸಲ ಬದಲಿಸಿ, ಇನ್ನೊಂದು ದಿನ ತಣ್ಣಗಿಟ್ಟು, ಆಮೇಲೆ ಅದನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳಿನಲ್ಲಿ, ಇರುವೆ ಸೇರದಂತೆ, ಪೂರ್ತಿ ಒಣಗಲು ಬಿಡಿ. ಎರಡು ಗ್ರಾಮಿಗಿಂತ ಹೆಚ್ಚಿದ್ದ ಮಿಠಾಯಿಯ ಜಾಗದಲ್ಲಿ ಕೊನೆಗೆ ಸಿಗುವುದು ಉಗುರಿನಂತೆ ಗಡುಸಾದ ಒಂದು ತೆಳು ಚಕ್ಕೆ. ಅದರ ತೂಕ ಗ್ರಾಮಿನ ಹತ್ತನೆಯ ಒಂದೆರಡು ಭಾಗ ಮಾತ್ರ. ಅದೇ ಜೆಲಾಟಿನ್; ಸಕ್ಕರೆಯೆಲ್ಲ ಲೋಟದ ನೀರಿಗೆ ಹೋಗಿದೆ. ಆ ನೀರನ್ನು ತಟ್ಟೆಯಲ್ಲಿ ಆವಿಯಾಗಲು ಬಿಟ್ಟರೆ ಅಂಟಂಟಾದ ಪಾಕ ಉಳಿಯುತ್ತದೆ. ಸಕ್ಕರೆಯನ್ನು ತಡೆಯುವ ಪೊರೆಯೇನಾದರೂ ಇದ್ದಿದ್ದರೆ ಈ ಲೆಕ್ಕ ಹೀಗೆ ಬರುತ್ತಿರಲಿಲ್ಲ.

‘ರಾತ್ರಿಯಿಡೀ ನೆನೆಸಿ’ ಎಂದು ಎಲ್ಲರೂ ಹೇಳುವುದೇಕೆ ಎಂಬುದಕ್ಕೂ ಒಂದು ಸರಳ ಲೆಕ್ಕವಿದೆ. ಹತ್ತನೆಯ ತರಗತಿಯವರು ಸುಲಭವಾಗಿ ಮಾಡಬಲ್ಲರು. ವಿಸರಣಕ್ಕೆ ಬೇಕಾಗುವ ಸಮಯ ದೂರದ ವರ್ಗಕ್ಕೆ ಅನುಗುಣವಾಗಿರುತ್ತದೆ. ನೀರಿನಲ್ಲಿ ಸಕ್ಕರೆಯ ವಿಸರಣ ಗುಣಾಂಕ, ಅಂದರೆ ಅದು ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ, 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 0.0005 ಚದರ ಮಿಲಿಮೀಟರ್. ಮಿಠಾಯಿಯ ನಡುವಿನಿಂದ ಹೊರಮೈಗೆ 5 ಮಿಲಿಮೀಟರ್ ಎಂದುಕೊಂಡರೆ, 25ನ್ನು 0.0005ರಿಂದ ಭಾಗಿಸಿದಾಗ 50,000 ಸೆಕೆಂಡ್, ಅಂದರೆ ಸುಮಾರು 14 ಗಂಟೆ ಬರುತ್ತದೆ. ಜಾಲದ ಅಡ್ಡಿ, ಉಬ್ಬಿದಂತೆ ಹೆಚ್ಚುವ ದೂರ ಇವನ್ನು ಬಿಟ್ಟ ಒರಟು ಲೆಕ್ಕ ಇದು. ಆದರೂ ಉತ್ತರ ನಿಮಿಷಗಳಲ್ಲಾಗಲೀ ವಾರಗಳಲ್ಲಾಗಲೀ ಬರದೆ ಒಂದು ರಾತ್ರಿಯ ಸುತ್ತಮುತ್ತ ಬಂದು ನಿಲ್ಲುವುದನ್ನು ಕಂಡರೆ ಮಕ್ಕಳಿಗೆ ಖುಷಿಯಾಗುತ್ತದೆ, ನನಗಂತೂ ಆಗುತ್ತದೆ.

ಈಗ ಏಪ್ರಿಲಿನ ಲೋಟ. ಶೇ. 10ರಷ್ಟು ಜೆಲಾಟಿನ್ ಇರುವ ಜೆಲ್ ಸುಮಾರು 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗತೊಡಗುತ್ತದೆ. ಜೆಲಾಟಿನ್ ಪ್ರಮಾಣ ಇಳಿದಷ್ಟೂ ಅದು ಇನ್ನೂ ಕಡಿಮೆ ಬಿಸಿಗೇ ಸೋಲುತ್ತದೆ. ಒಣ ಮಿಠಾಯಿ ಅಂಗಡಿಯ ಬಿಸಿಯಲ್ಲಿ ಮೆತ್ತಗಾದರೂ ಆಕಾರ ಉಳಿಸಿಕೊಳ್ಳುವುದು ಅದರಲ್ಲಿ ನೀರು ಕಡಿಮೆ, ಸಕ್ಕರೆ ದಟ್ಟವಾಗಿರುವುದರಿಂದ. ನೆನೆದ ಮೇಲೆ ಆ ರಕ್ಷಣೆ ಇರುವುದಿಲ್ಲ. 2.3 ಗ್ರಾಂ ತೂಕದ ಕರಡಿಯಲ್ಲಿ 0.16 ಗ್ರಾಂ ಜೆಲಾಟಿನ್ ಇದೆಯೆಂದುಕೊಳ್ಳಿ. ಅದು ಉಬ್ಬಿ 10 ಗ್ರಾಂ ಆದಾಗ ಜೆಲಾಟಿನ್ ಪ್ರಮಾಣ ಶೇ. 1.6ಕ್ಕೆ ಇಳಿದಿರುತ್ತದೆ. ಡಿಸೆಂಬರಿನಲ್ಲಿ ರಾಯಚೂರಿನ ರಾತ್ರಿಗಳು ತಂಪಾಗಿರುವುದರಿಂದ ಇಷ್ಟು ತೆಳುವಾದ ಜೆಲ್ ಸಹ ಉಳಿಯುತ್ತದೆ. ಏಪ್ರಿಲಿನಲ್ಲಿ ಹಗಲಿನ ಬಿಸಿ 40 ಡಿಗ್ರಿಯ ಹತ್ತಿರವಿರುವಾಗ, ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಬಂದ ನೀರಿನಲ್ಲಿ ಜಾಲದ ಗಂಟುಗಳು ಒಂದೊಂದಾಗಿ ಬಿಚ್ಚಿ ಎಳೆಗಳು ನೀರಿಗೆ ಚದುರುತ್ತವೆ. ಲೋಟವನ್ನು ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಮಣ್ಣಿನ ಮಡಕೆಯ ನೀರಿನಲ್ಲಿ ಆರಂಭಿಸಿ, ಲೋಟವನ್ನೂ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ. ಆದರೂ ಕಡುಬೇಸಿಗೆಯಲ್ಲಿ ಫಲಿತಾಂಶ ಖಾತ್ರಿಯಿಲ್ಲ. ಇದನ್ನು ತೊಂದರೆಯೆಂದು ನೋಡದೆ ಪ್ರಯೋಗವನ್ನಾಗಿ ಮಾಡಿಕೊಂಡರೆ ಇನ್ನೂ ಚೆನ್ನ: ಒಂದು ಲೋಟ ಫ್ರಿಜ್ಜಿನಲ್ಲಿ, ಇನ್ನೊಂದು ಕೋಣೆಯಲ್ಲಿ, ಎರಡಕ್ಕೂ ಥರ್ಮಾಮೀಟರ್. ಕರಗಿದ ಲೋಟವನ್ನು ಮರುದಿನ ಫ್ರಿಜ್ಜಿಗೆ ಸೇರಿಸಿದಾಗ, ನೀರು ತೀರಾ ಹೆಚ್ಚಿಲ್ಲದಿದ್ದರೆ, ಅದು ಲೋಟದ ಆಕಾರದಲ್ಲೇ ಸಡಿಲವಾಗಿ ಹೆಪ್ಪುಗಟ್ಟುವುದೂ ಉಂಟು. ಇದನ್ನು ನೋಡಬೇಕೆಂದಿದ್ದರೆ ಐದಾರು ಕರಡಿಗಳನ್ನು ಅವು ಮುಳುಗುವಷ್ಟೇ ನೀರಿನಲ್ಲಿ ಕರಗಿಸಿ ನೋಡಿ.

ಹಸಿರು ಚುಕ್ಕೆಯ ಜೆಲ್ಲಿಯ ವಿಷಯ ಬೇರೆ. ಜೆಲಾಟಿನ್ ಪ್ರಾಣಿಜನ್ಯವಾದ್ದರಿಂದ ನಮ್ಮ ದೇಶದಲ್ಲಿ ಅದಿರುವ ಪೊಟ್ಟಣದ ಮೇಲೆ ಸಸ್ಯಾಹಾರದ ಹಸಿರು ಗುರುತು ಇರುವಂತಿಲ್ಲ. ಕಂದು ಬಣ್ಣದ ಚೌಕದೊಳಗೆ ಕಂದು ತ್ರಿಕೋನವಿರಬೇಕು. ಹಸಿರು ಗುರುತಿನ ಜೆಲ್ಲಿಗಳಲ್ಲಿ ಜಾಲ ಕಟ್ಟುವುದು ಹಣ್ಣಿನಿಂದ ತೆಗೆದ ಪೆಕ್ಟಿನ್, ಕಡಲಕಳೆಯಿಂದ ತೆಗೆದ ಅಗರ್, ಅಥವಾ ಪಿಷ್ಟ. ಮಿಠಾಯಿಗೆ ಸಾಮಾನ್ಯವಾಗಿ ಬಳಸುವ ಪೆಕ್ಟಿನ್‌ಗೆ ಒಂದು ವಿಚಿತ್ರ ಷರತ್ತಿದೆ: ಶೇ. 55ಕ್ಕಿಂತ ಹೆಚ್ಚು ಸಕ್ಕರೆಯೂ, ಸುಮಾರು 3.5ಕ್ಕಿಂತ ಕಡಿಮೆ ಪಿಎಚ್‌ನ (ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಹುಳಿಯೂ ಇದ್ದರೆ ಮಾತ್ರ ಅದು ಜಾಲ ಕಟ್ಟುತ್ತದೆ. ಹಣ್ಣಿನ ಜಾಮ್ ಗಟ್ಟಿಯಾಗುವುದೂ ಹೀಗೆಯೇ. ಅಂತಹ ಜೆಲ್ಲಿಯನ್ನು ನೀರಿಗೆ ಹಾಕಿದರೆ ಸಕ್ಕರೆಯೂ ಹುಳಿಯೂ ಹೊರಗೆ ಹೋಗುತ್ತವೆ. ಅವು ಹೋದಂತೆ ಜಾಲವನ್ನು ಹಿಡಿದಿದ್ದ ಕಾರಣವೇ ಇಲ್ಲದಂತಾಗಿ ಜೆಲ್ಲಿ ಹೊರಮೈಯಿಂದ ಒಳಕ್ಕೆ ಕದಡುತ್ತ ಹೋಗುತ್ತದೆ. ನೀವು ತಂದದ್ದು ಈ ಜಾತಿಯದೇ ಇರಬೇಕು. ಅಗರ್ ಇದಕ್ಕೆ ತದ್ವಿರುದ್ಧ: ಸಕ್ಕರೆಯ ಹಂಗಿಲ್ಲದೆ ಗಟ್ಟಿಯಾಗುತ್ತದೆ, 80 ಡಿಗ್ರಿ ದಾಟುವವರೆಗೂ ಕರಗುವುದಿಲ್ಲ, ಹಾಗೆಯೇ ನೀರಿನಲ್ಲಿ ಜೆಲಾಟಿನ್‌ನಷ್ಟು ಉಬ್ಬುವುದೂ ಇಲ್ಲ.

ಆದ್ದರಿಂದ ಅಂಗಡಿಯಲ್ಲೇ ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದುವುದನ್ನು ಈ ಪ್ರಯೋಗದ ಮೊದಲ ಹಂತವೆಂದೇ ಪರಿಗಣಿಸಿ. ಪಟ್ಟಿ ಸ್ಪಷ್ಟವಿಲ್ಲದಿದ್ದರೆ ಶಾಲೆಯಲ್ಲೇ ಪತ್ತೆ ಮಾಡಬಹುದು. ಅಯೋಡಿನ್ ಹನಿ ಬಿದ್ದಲ್ಲಿ ಒಳತಿರುಳು ಕಡುನೀಲಿಯಾದರೆ ಪಿಷ್ಟ. ಜೆಲಾಟಿನ್ ಪ್ರೋಟೀನ್ ಆಗಿರುವುದರಿಂದ ಅದನ್ನು ಅರಗಿಸುವ ಕಿಣ್ವಗಳಿಗೆ ಸಿಕ್ಕಿಬೀಳುತ್ತದೆ: ತಾಜಾ ಅನಾನಸ್ ಹಿಂಡಿದ ರಸವನ್ನು ಎರಡು ಪಾಲು ಮಾಡಿ, ಒಂದನ್ನು ಚೆನ್ನಾಗಿ ಕುದಿಸಿ ಆರಿಸಿ, ಎರಡರಲ್ಲೂ ಒಂದೊಂದು ಕರಡಿಯನ್ನು ಹಾಕಿ ಫ್ರಿಜ್ಜಿನಲ್ಲಿಡಿ. ಹಸಿ ರಸದಲ್ಲಿರುವುದು ಲೋಳೆಯಾಗಿ ಸವೆಯುತ್ತದೆ. ಕುದಿಸಿದ ರಸದಲ್ಲಿ ಕಿಣ್ವ ಕೆಟ್ಟಿರುವುದರಿಂದ ಕರಡಿ ಉಳಿದುಕೊಳ್ಳುತ್ತದೆ. ಮಾಂಸ ಬೇಗ ಬೇಯಲೆಂದು ಹಸಿ ಪಪ್ಪಾಯಿ ಸೇರಿಸುವ ಮನೆಗಳ ಮಕ್ಕಳಿಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೆಕ್ಟಿನ್ ಮತ್ತು ಅಗರ್ ಪ್ರೋಟೀನ್‌ಗಳಲ್ಲವಾದ್ದರಿಂದ ಈ ಕಿಣ್ವ ಅವುಗಳನ್ನು ಮುಟ್ಟುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಉಪ್ಪುನೀರಿನ ಭಾಗ. ಹೆಚ್ಚಿನ ಪುಸ್ತಕ ಮತ್ತು ವಿಡಿಯೊಗಳು ಎಡವುವುದು ಇಲ್ಲಿಯೇ. ‘ಉಪ್ಪುನೀರು ಹೆಚ್ಚು ಸಾಂದ್ರ, ಆದ್ದರಿಂದ ಜೆಲ್ಲಿಯಿಂದ ನೀರು ಹೊರಗೆ ಬರುತ್ತದೆ’ ಎನ್ನುವಾಗ ಜೆಲ್ಲಿಯೊಳಗಿನ ಪಾಕ ಎಷ್ಟು ಸಾಂದ್ರವೆಂಬುದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನೀರಿನ ಹರಿವು ಯಾವ ಕಡೆಗೆ ಎಂದು ತಿಳಿಯಲು ಎರಡೂ ವಸ್ತುಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಬೇಕು. ಮುಚ್ಚಿದ ಡಬ್ಬಿಯಲ್ಲಿ ಒಂದು ವಸ್ತುವನ್ನಿಟ್ಟರೆ ಅದರ ಸುತ್ತಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂಬುದೇ ಆ ಅಳತೆಗೋಲು; ಆಹಾರ ವಿಜ್ಞಾನದಲ್ಲಿ ಇದನ್ನು ನೀರಿನ ಸಕ್ರಿಯತೆ ಎನ್ನುತ್ತಾರೆ. ಶುದ್ಧ ನೀರಿಗೆ ಅದು ಶೇ. 100. ಇನ್ನು ಕರಗಲಾರದಷ್ಟು ಉಪ್ಪು ಬೆರೆತ, ಅಂದರೆ 100 ಮಿಲಿಲೀಟರ್ ನೀರಿಗೆ 36 ಗ್ರಾಂ ಉಪ್ಪಿರುವ ನೀರಿಗೆ ಶೇ. 75. ಪೂರ್ತಿ ಸಕ್ಕರೆ ಕರಗಿದ ಪಾಕಕ್ಕೆ ಶೇ. 85ರ ಹತ್ತಿರ. ಜೇನುತುಪ್ಪಕ್ಕೆ ಶೇ. 60ರ ಆಸುಪಾಸು. ಜೆಲ್ಲಿ ಮಿಠಾಯಿಗೆ ಸಾಮಾನ್ಯವಾಗಿ ಶೇ. 50ರಿಂದ 70ರೊಳಗೆ. ನೀರು ಯಾವಾಗಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯ ಕಡೆಗೆ ಹರಿಯುತ್ತದೆ. ಅಂದಮೇಲೆ, ನೀವು ಉಪ್ಪನ್ನು ಎಷ್ಟೇ ಕದಡಿದರೂ ಅಂಗಡಿಯಿಂದ ತಂದ ಹೊಸ ಜೆಲ್ಲಿ ಆರಂಭದಲ್ಲಿ ಆ ಉಪ್ಪುನೀರಿನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ಸಾದಾ ನೀರಿನಲ್ಲಿ ಉಬ್ಬುವುದಕ್ಕಿಂತ ಕಡಿಮೆ ಉಬ್ಬುತ್ತದೆ, ಅಷ್ಟೇ. ಮಳೆಗಾಲದಲ್ಲಿ ಮಂಗಳೂರಿನ ಕಡೆ ಗಾಳಿಯ ಆರ್ದ್ರತೆ ಶೇ. 75ನ್ನು ದಾಟಿ ನಿಂತಿರುವಾಗ ಉಪ್ಪಿನ ಡಬ್ಬಿ ಒದ್ದೆಯಾಗುವುದೂ, ಪೊಟ್ಟಣ ಬಿಚ್ಚಿಟ್ಟ ಜೆಲ್ಲಿ ಜಿಗುಟಾಗುವುದೂ ಇದೇ ನಿಯಮದಿಂದ.

ಮುಂದಿನ ಗಂಟೆಗಳಲ್ಲಿ ಉಪ್ಪು ಇನ್ನೊಂದು ಬಗೆಯಲ್ಲಿ ಕೈಹಾಕುತ್ತದೆ. ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು ಚಿಕ್ಕವಾದ್ದರಿಂದ ಜೆಲ್ಲಿಯೊಳಗೆ ಬೇಗನೆ ತುಂಬಿಕೊಳ್ಳುತ್ತವೆ. ಸಿಟ್ರಿಕ್ ಆಮ್ಲದ ಹುಳಿಯಲ್ಲಿ ಜೆಲಾಟಿನ್ ಎಳೆಗಳಿಗೆ ಧನ ವಿದ್ಯುದಂಶ ಇರುತ್ತದೆ. ಒಂದೇ ವಿದ್ಯುದಂಶದ ಎಳೆಗಳು ಪರಸ್ಪರ ದೂಡಿಕೊಳ್ಳುವುದು, ಆ ವಿದ್ಯುದಂಶವನ್ನು ಸರಿದೂಗಿಸುವ ಅಯಾನುಗಳು ಜಾಲದೊಳಗೇ ಉಳಿದು ನೀರನ್ನು ಸೆಳೆಯುವುದು, ಇವೆರಡೂ ಉಬ್ಬಲು ನೆರವಾಗುತ್ತವೆ. ಹೊರಗಿನಿಂದ ಬಂದ ಉಪ್ಪು ಈ ನೆರವನ್ನು ಅಳಿಸಿಹಾಕುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಜಾಕ್ ಲೋಬ್ ಎಂಬ ವಿಜ್ಞಾನಿ ಜೆಲಾಟಿನ್ ಉಬ್ಬುವಿಕೆಯ ಮೇಲೆ ಆಮ್ಲ, ಕ್ಷಾರ, ಲವಣಗಳ ಪರಿಣಾಮವನ್ನು ಒಂದೊಂದಾಗಿ ಅಳೆದು, ಪಿಎಚ್ 4.7ರ ಬಳಿ ಉಬ್ಬುವಿಕೆ ಅತಿ ಕಡಿಮೆಯೆಂದೂ, ಅದರಿಂದ ಹುಳಿಯ ಕಡೆಗಾಗಲಿ ಕ್ಷಾರದ ಕಡೆಗಾಗಲಿ ಸರಿದರೆ ಹೆಚ್ಚುವುದೆಂದೂ, ಲವಣ ಬೆರೆಸಿದರೆ ಮತ್ತೆ ಇಳಿಯುವುದೆಂದೂ ತೋರಿಸಿದ. ಈ ಕೆಲಸವನ್ನು ಒಟ್ಟುಗೂಡಿಸಿದ ಅವನ ಗ್ರಂಥ ಹೊರಬಂದದ್ದು 1922ರಲ್ಲಿ, ಬಾನ್‌ನ ಕರಡಿ ಹುಟ್ಟಿದ ವರ್ಷದಲ್ಲೇ; ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲು ಕಾರಣವಿಲ್ಲ. ವಿನೆಗರಿನಲ್ಲಿ ಇಟ್ಟ ಕರಡಿ ಮುಟ್ಟಿದರೆ ಕೈಗೆ ಬರದಷ್ಟು ಮೆತ್ತಗಾಗುವುದೂ ಈ ಸಾಲಿಗೇ ಸೇರುತ್ತದೆ: ಅಲ್ಲಿ ಹುಳಿ ತೀವ್ರವಾಗಿದ್ದು ಎಳೆಗಳು ದೂಡಿಕೊಳ್ಳುವುದರ ಜೊತೆಗೆ ಅಸಿಟಿಕ್ ಆಮ್ಲ ಗಂಟುಗಳನ್ನೇ ಸಡಿಲಿಸುತ್ತದೆ.

ಹಾಗಿದ್ದರೆ ಜೆಲ್ಲಿ ಕುಗ್ಗುವುದನ್ನು ತೋರಿಸುವುದು ಹೇಗೆ? ಹೊಸ ಜೆಲ್ಲಿಯಿಂದ ಆರಂಭಿಸಬೇಡಿ. ಸಾದಾ ನೀರಿನಲ್ಲಿ ಒಂದು ರಾತ್ರಿ ಉಬ್ಬಿದ ಜೆಲ್ಲಿಯಿಂದ ಆರಂಭಿಸಿ. ಅದರಲ್ಲೀಗ ಹೆಚ್ಚಿನದು ನೀರೇ, ಅಳತೆಗೋಲಿನಲ್ಲಿ 100ರ ಸಮೀಪ. ಅದನ್ನು ಗುಲಾಬ್ ಜಾಮೂನಿನ ಪಾಕದಷ್ಟು ದಪ್ಪನೆಯ, ಪೂರ್ತಿ ಆರಿದ ಸಕ್ಕರೆ ಪಾಕಕ್ಕೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ಮೈ ಸುಕ್ಕುಗಟ್ಟುತ್ತದೆ. ಇದಕ್ಕೆ ಉಪ್ಪಿಗಿಂತ ಸಕ್ಕರೆ ಮೇಲು. ಉಪ್ಪು ಬೇಗನೆ ಒಳಸೇರಿ ವ್ಯತ್ಯಾಸವನ್ನು ಸರಿಗಟ್ಟಿಬಿಡುತ್ತದೆ, ಸಕ್ಕರೆ ನಿಧಾನವಾಗಿ ಸೇರುವುದರಿಂದ ನೀರು ಹೊರಬರಲು ಸಮಯ ಸಿಗುತ್ತದೆ. ಪಾಕದಲ್ಲಿ ಕರಡಿ ತೇಲುವುದನ್ನು ಮಕ್ಕಳು ಖಂಡಿತ ಗಮನಿಸುತ್ತಾರೆ. ಹೊಸ ಮಿಠಾಯಿಯ ಸಾಂದ್ರತೆ ನೀರಿಗಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚು, ಹಾಗಾಗಿ ಅದು ಗಾಢ ಉಪ್ಪುನೀರಿನಲ್ಲೂ ಮುಳುಗುತ್ತದೆ; ಉಬ್ಬಿದ್ದು ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರತೆಯದು, ಅದು ಅದೇ ಉಪ್ಪುನೀರಿನಲ್ಲಿ ತೇಲುತ್ತದೆ. ಸಕ್ಕರೆ ಹೋಗಿ ನೀರು ಬಂದಿದೆ ಎಂಬುದಕ್ಕೆ ತಕ್ಕಡಿಯಿಲ್ಲದೆಯೂ ಸಿಗುವ ಸಾಕ್ಷಿ ಇದು.

ಅಳತೆಯ ಬಗ್ಗೆ ಎರಡು ಮಾತು. 0.1 ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಒಂದೊಂದು ಬಗೆಯ ದ್ರಾವಣಕ್ಕೆ ಒಂದೇ ಬಣ್ಣದ ಮೂರು ಕರಡಿಗಳನ್ನು ಬಳಸಿ ಸರಾಸರಿ ತೆಗೆಯಿರಿ. ಎಲ್ಲ ಲೋಟಗಳಿಗೂ ಒಂದೇ ಮೂಲದ ನೀರಿರಲಿ, ಏಕೆಂದರೆ ಕೊಳವೆಬಾವಿಯ ಗಡಸು ನೀರಿನಲ್ಲಿ ಆಗಲೇ ಲವಣಗಳಿರುತ್ತವೆ. ಉಬ್ಬಿದ ಜೆಲ್ಲಿಯನ್ನು ಬೆರಳಿನಿಂದ ಎತ್ತಿದರೆ ಹರಿಯುತ್ತದೆ. ಜಾಲರಿ ಸೌಟಿನಿಂದ ಎತ್ತಿ, ಹತ್ತಿ ಬಟ್ಟೆಗೆ ತಾಗಿಸಿ, ತಕ್ಷಣ ತೂಗಿಸಿ. ತಕ್ಕಡಿ ಇಲ್ಲದಿದ್ದರೆ ಗ್ರಾಫ್ ಹಾಳೆಯ ಮೇಲೆ ಪಾರದರ್ಶಕ ತಟ್ಟೆಯಿಟ್ಟು ಉದ್ದ ಅಳೆಯಬಹುದು. ಆದರೆ ಉದ್ದ ಒಂದೂವರೆ ಪಟ್ಟಾದರೆ ಗಾತ್ರ ಸುಮಾರು 3.4 ಪಟ್ಟಾಗಿರುತ್ತದೆ ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಿ. ‘ಸ್ವಲ್ಪವೇ ಉಬ್ಬಿದೆ’ ಎಂದು ಕಣ್ಣು ಹೇಳುವುದನ್ನು ತಕ್ಕಡಿ ಒಪ್ಪದಿರುವುದಕ್ಕೆ ಕಾರಣ ಅದೇ.

ನಿಜವಾದ ಅಭಿಸರಣಕ್ಕೆ ಮೊಟ್ಟೆಯ ಚಟುವಟಿಕೆಯನ್ನೇ ಉಳಿಸಿಕೊಳ್ಳಿ. ವಿನೆಗರಿನಲ್ಲಿ ಒಂದೆರಡು ದಿನವಿಟ್ಟು ಚಿಪ್ಪು ಕರಗಿಸಿದ ಹಸಿ ಮೊಟ್ಟೆ ನೀರಿನಲ್ಲಿ ಉಬ್ಬುತ್ತದೆ, ಪಾಕದಲ್ಲಿ ಕುಗ್ಗುತ್ತದೆ. ಅಲ್ಲಿ ಪೊರೆ ಕಣ್ಣಿಗೇ ಕಾಣುತ್ತದೆ, ಚುಚ್ಚಿದರೆ ಎಲ್ಲವೂ ಹೊರಗೆ ಹರಿಯುತ್ತದೆ. ಕತ್ತರಿಸಿದರೂ ಉಬ್ಬುವ ಜೆಲ್ಲಿಯನ್ನು ಇದರ ಪಕ್ಕದಲ್ಲಿಟ್ಟರೆ ಎರಡರ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಜೆಲಾಟಿನ್ ಬೇಡವೆನ್ನುವ ಮನೆಗಳ ಮಕ್ಕಳಿದ್ದರೆ, ಅಥವಾ ಬೇಸಿಗೆಯಲ್ಲೇ ಶಿಬಿರ ನಡೆಸಬೇಕಾಗಿದ್ದರೆ, ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅಗರ್‌ನಿಂದ ನೀವೇ ಜೆಲ್ಲಿ ಮಾಡಿಕೊಳ್ಳಬಹುದು. 200 ಮಿಲಿಲೀಟರ್ ನೀರಿಗೆ 2 ಗ್ರಾಂ ಅಗರ್ ಹಾಕಿ ಪೂರ್ತಿ ಕರಗುವವರೆಗೆ ಕುದಿಸಿ, ಚಿಟಿಕೆ ಅರಿಶಿನ ಬೆರೆಸಿ, ಸ್ವಲ್ಪ ಆರಿದ ಮೇಲೆ ಸುಣ್ಣದ ತಿಳಿನೀರನ್ನು ಚಮಚದಿಂದ ಬಿಡುತ್ತ ಹೋದರೆ ಆರತಿಯ ನೀರಿನ ಕೆಂಪು ಬರುತ್ತದೆ. ತಟ್ಟೆಗೆ ಸುರಿದು ಗಟ್ಟಿಯಾದೊಡನೆ ಒಂದು ಸೆಂಟಿಮೀಟರ್ ಮತ್ತು ಎರಡು ಸೆಂಟಿಮೀಟರ್ ಅಂಚಿನ ಘನಗಳಾಗಿ ಕತ್ತರಿಸಿ, ವಿನೆಗರ್ ಅಥವಾ ಸೋಸಿದ ನಿಂಬೆರಸದಲ್ಲಿ ಮುಳುಗಿಸಿ, ಆಗಾಗ ಒಂದೊಂದನ್ನು ಹೊರತೆಗೆದು ನಡುವೆ ಸೀಳಿ ನೋಡಿ. ಹುಳಿ ತಲುಪಿದಲ್ಲೆಲ್ಲ ಹಳದಿ, ತಲುಪದಲ್ಲಿ ಕೆಂಪು. ಎರಡರ ನಡುವಿನ ಗಡಿ ಚೂಪಾಗಿ ಕಾಣುತ್ತದೆ. ಗಡಿ ಎರಡರಷ್ಟು ಆಳಕ್ಕೆ ಹೋಗಲು ಸುಮಾರು ನಾಲ್ಕರಷ್ಟು ಸಮಯ ಬೇಕಾಗುವುದನ್ನು ಸ್ಕೇಲು ಮತ್ತು ಗಡಿಯಾರ ಹಿಡಿದು ಮಕ್ಕಳೇ ಕಂಡುಕೊಳ್ಳಬಹುದು. ಮೇಲೆ ಹೇಳಿದ 14 ಗಂಟೆಯ ಲೆಕ್ಕಕ್ಕೆ ಆಧಾರವೂ ಇದೇ. ಕ್ಷಾರದಲ್ಲಿ ಅರಿಶಿನದ ಬಣ್ಣ ಕ್ರಮೇಣ ಮಾಸುವುದರಿಂದ ಘನಗಳನ್ನು ಅದೇ ದಿನ ಬಳಸಿ. ಸುಣ್ಣದ ನೀರು ಕಣ್ಣಿಗೆ ಅಪಾಯಕಾರಿ. ಅದನ್ನು ಬೆರೆಸುವ ಕೆಲಸ ನಿಮ್ಮದಾಗಿರಲಿ.

ಪ್ರಯೋಗಕ್ಕೆ ಬಳಸಿದ ಜೆಲ್ಲಿಯನ್ನು ಯಾರೂ ತಿನ್ನಬಾರದು. ಸಕ್ಕರೆ ಹೋಗಿ ನೀರು ತುಂಬಿದ ಜೆಲಾಟಿನ್ ಬ್ಯಾಕ್ಟೀರಿಯಾಗಳಿಗೆ ಹೇಳಿ ಮಾಡಿಸಿದ ಜಾಗ, ಒಂದೆರಡು ದಿನಗಳಲ್ಲೇ ನಾರತೊಡಗುತ್ತದೆ. ತಿನ್ನಲು ಬೇರೆ ಪೊಟ್ಟಣವನ್ನು ತೆಗೆದಿಡಿ, ಇಲ್ಲದಿದ್ದರೆ ಪ್ರಯೋಗದ ಕರಡಿಗಳ ಲೆಕ್ಕ ಸಂಜೆಯೊಳಗೆ ತಪ್ಪುತ್ತದೆ. ಜೆಲ್ಲಿ ಸಿಗಲಿಲ್ಲವೆಂದು ಹೂದಾನಿಗಳಿಗೆ ಹಾಕುವ, ನೀರು ಕುಡಿದು ಗೋಲಿಯಷ್ಟಾಗುವ ಬಣ್ಣದ ಮಣಿಗಳನ್ನು ಮಾತ್ರ ತರಬೇಡಿ. ಅವು ಮಿಠಾಯಿಯಂತೆಯೇ ಕಾಣುವುದರಿಂದ ಚಿಕ್ಕ ಮಕ್ಕಳು ನುಂಗುತ್ತಾರೆ. ಅವುಗಳ ಜಾಲ ರಾಸಾಯನಿಕ ಬಂಧಗಳಿಂದ ಆದದ್ದು, ಮೈಯ ಬಿಸಿಗೆ ಕರಗುವುದಿಲ್ಲ, ಜೀರ್ಣವಾಗುವುದಿಲ್ಲ, ಕರುಳಿನೊಳಗೂ ಉಬ್ಬುತ್ತಲೇ ಹೋಗಿ ದಾರಿ ಕಟ್ಟಿದ ಪ್ರಕರಣಗಳಿವೆ.